ಜೋರಾಗಿ ಒತ್ತಿದರೆ ಲಾಂಗ್ ಪ್ರೆಸ್ ಆಗುತ್ತದೆಯೇ?

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆ ಕನ್ನಡದ ಜೊತೆಗೆ ಮರಾಠಿ, ಉರ್ದು, ತೆಲುಗು ಕೂಡ ದಿನಬಳಕೆಯಲ್ಲಿವೆ. ಅಲ್ಲಿ ಮೊಬೈಲಿನಲ್ಲಿ ಸರಕಾರಿ ಯೋಜನೆಯ ಪುಟವನ್ನೋ ಬಸವಣ್ಣನವರ ವಚನವನ್ನೋ ಓದುವವರಿಗೆ ಯಾವುದಾದರೂ ಪದ ತಿಳಿಯದಿದ್ದರೆ ಸುಲಭದ ದಾರಿ ಒಂದಿದೆ: ಆ ಪದದ ಮೇಲೆ ಬೆರಳಿಟ್ಟು ಹಿಡಿಯುವುದು. ಪದವನ್ನು ಕಾಪಿ ಮಾಡುವ, ಅರ್ಥ ಹುಡುಕುವ ಸೌಲಭ್ಯಗಳು ಕೂಡಲೇ ಕಾಣಿಸುತ್ತವೆ. ಇದೇ ಲಾಂಗ್ ಪ್ರೆಸ್. ಆದರೆ ಕೆಲವು ಪುಟಗಳಲ್ಲಿ ಹೀಗೆ ಮಾಡಿದರೂ ಏನೂ ಆಗುವುದಿಲ್ಲ. ಆಗ ನಾವು ಇನ್ನಷ್ಟು ಜೋರಾಗಿ ಒತ್ತಿ ನೋಡುತ್ತೇವೆ. ಅದರಿಂದ ಪ್ರಯೋಜನವಿದೆಯೇ?

ಇಲ್ಲ. ಇಂದಿನ ಮೊಬೈಲುಗಳಲ್ಲಿರುವುದು ಕೆಪಾಸಿಟಿವ್ ಪರದೆ. ಗಾಜಿನ ಕೆಳಗೆ ವಿದ್ಯುತ್ ಹರಿಯಬಲ್ಲ ಪಾರದರ್ಶಕ ಗೆರೆಗಳ ಜಾಲವಿರುತ್ತದೆ. ಬೆರಳು ತಾಗಿದ ಕಡೆ ಅದರ ವಿದ್ಯುತ್ ಧಾರಕತೆ ಬದಲಾಗುತ್ತದೆ. ಆ ಬದಲಾವಣೆಯಿಂದ ಬೆರಳು ಎಲ್ಲಿದೆ ಎನ್ನುವುದು ಫೋನಿಗೆ ತಿಳಿಯುತ್ತದೆ. ಒತ್ತಡವನ್ನೇ ಅಳೆಯುವ 'ತ್ರೀಡಿ ಟಚ್' ಎಂಬ ತಂತ್ರಜ್ಞಾನವನ್ನು ಆಪಲ್ 2015ರಲ್ಲಿ ಐಫೋನ್ 6ಎಸ್‌ನೊಂದಿಗೆ ತಂದಿತ್ತು. 2019ರ ಐಫೋನ್ 11ರ ಹೊತ್ತಿಗೆ ಅದನ್ನು ಕೈಬಿಟ್ಟಿತು.

ಹಾಗಾದರೆ ಲಾಂಗ್ ಪ್ರೆಸ್ ಎಂದು ಫೋನ್ ತೀರ್ಮಾನಿಸುವುದು ಹೇಗೆ? ಎರಡು ವಿಷಯ ನೋಡಿ: ಬೆರಳು ಎಷ್ಟು ಹೊತ್ತು ಇತ್ತು, ಇಟ್ಟಲ್ಲೇ ಇತ್ತೇ. ಸಾಮಾನ್ಯವಾಗಿ ಅರ್ಧ ಸೆಕೆಂಡಿನಷ್ಟು, ಅಂದರೆ ಸುಮಾರು 500 ಮಿಲಿಸೆಕೆಂಡು ಕದಲದೆ ಇದ್ದರೆ ಅದು ಲಾಂಗ್ ಪ್ರೆಸ್. ಅದಕ್ಕೂ ಮೊದಲೇ ಬೆರಳೆತ್ತಿದರೆ ಬರಿಯ ಟ್ಯಾಪ್. ಸ್ವಲ್ಪ ಹೆಚ್ಚು ಸರಿದರೆ ಸ್ಕ್ರಾಲ್. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಬಸ್ಸು ಕುಲುಕುವಾಗ ಪದ ಹಿಡಿಯಲು ಹೋಗಿ ಪುಟವೇ ಜಾರುವುದು ಇದರಿಂದಲೇ. ಜೋರಾಗಿ ಒತ್ತಿದಾಗ ಬೆರಳು ಸರಿಯುವ ಸಾಧ್ಯತೆ ಇನ್ನೂ ಹೆಚ್ಚು!

ಇನ್ನು ಜಾಲಪುಟಗಳ ವಿಷಯ. ಫೋಟೋ ಆಯ್ದುಕೊಳ್ಳಲು, ಪಟ್ಟಿಯ ಸಾಲನ್ನು ಎಳೆದು ಬೇರೆಡೆ ಇಡಲು ಕೆಲವು ಪುಟಗಳು ತಮ್ಮದೇ ಲಾಂಗ್ ಪ್ರೆಸ್ ಮಾಡಿಕೊಳ್ಳುತ್ತವೆ. ಬೆರಳು ತಾಗಿದಾಗ ಬ್ರೌಸರ್ ಕೊಡುವ 'ಟಚ್‌ಸ್ಟಾರ್ಟ್' ಸೂಚನೆ ಬಂದೊಡನೆ ಒಂದು ಟೈಮರ್ ಶುರುವಾಗುತ್ತದೆ. ಬೆರಳು ಸರಿದರೆ ಅಥವಾ ಎತ್ತಿದರೆ ಅದನ್ನು ರದ್ದು ಮಾಡಬೇಕು. ಸ್ಕ್ರಾಲ್ ಶುರುವಾದಾಗ ಬ್ರೌಸರ್ 'ಟಚ್‌ಕ್ಯಾನ್ಸಲ್' ಎಂಬ ಸೂಚನೆಯನ್ನೂ ಕಳಿಸಬಹುದು. ಅದನ್ನು ಗಮನಿಸದ ಪುಟದಲ್ಲಿ, ನಾವು ಪುಟ ಸರಿಸುತ್ತಿರುವಾಗಲೇ ಬೇಡದ ಮೆನು ತೆರೆದುಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ತಮ್ಮ ಲಾಂಗ್ ಪ್ರೆಸ್‌ಗೆ ಬ್ರೌಸರಿನ ಮೆನು ಅಡ್ಡ ಬರಬಾರದೆಂದೋ, ಬರಹವನ್ನು ಯಾರೂ ಕಾಪಿ ಮಾಡಬಾರದೆಂದೋ ಕೆಲವರು ಇಡೀ ಪುಟದಲ್ಲಿ ಪದ ಆಯ್ದುಕೊಳ್ಳುವ ಸೌಲಭ್ಯವನ್ನೇ ಮುಚ್ಚಿಬಿಡುತ್ತಾರೆ. ಕದಿಯುವವರು ಸ್ಕ್ರೀನ್‌ಶಾಟ್ ತೆಗೆದುಕೊಂಡು ಹೋಗುತ್ತಾರೆ. ನಷ್ಟವಾಗುವುದು ಪದದ ಅರ್ಥ ಬೇಕಾದ ಓದುಗರಿಗೆ, ಅರ್ಜಿ ಸಂಖ್ಯೆಯನ್ನು ಕಾಪಿ ಮಾಡಬೇಕಾದ ರೈತರಿಗೆ.

ಕೈ ನಡುಗುವವರಿಗೂ ಇಲ್ಲಿ ಕಷ್ಟವಿದೆ. ಆಂಡ್ರಾಯ್ಡ್ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಲಾಂಗ್ ಪ್ರೆಸ್‌ಗೆ ಬೇಕಾದ ಸಮಯವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಆದರೆ ಪುಟದವರು ತಾವೇ ಬರೆದ ಟೈಮರ್‌ಗೆ ಈ ಬದಲಾವಣೆ ಗೊತ್ತಾಗುವುದಿಲ್ಲ.

ಹಾಗಾಗಿ ಪುಟ ರೂಪಿಸುವವರು ತಮ್ಮ ಲಾಂಗ್ ಪ್ರೆಸ್ ಅನ್ನು ಬೇಕಾದ ಚಿತ್ರಕ್ಕೋ ಸಾಲಿಗೋ ಮಾತ್ರ ಸೀಮಿತವಾಗಿಟ್ಟು, ಬರಹವನ್ನು ಅದರ ಪಾಡಿಗೆ ಬಿಡುವುದು ಒಳ್ಳೆಯದು. ಅದೇ ಕೆಲಸಕ್ಕೆ ಕಣ್ಣಿಗೆ ಕಾಣುವ ಒಂದು ಬಟನ್ ಕೂಡ ಇರಲಿ. ಲಾಂಗ್ ಪ್ರೆಸ್ ಇದೆ ಎಂದು ಪರದೆ ನೋಡಿ ಯಾರಿಗೂ ತಿಳಿಯುವುದಿಲ್ಲವಲ್ಲ!

ಓದುವ ನಾವು ಮಾಡಬೇಕಾದದ್ದು ಇಷ್ಟೇ: ಬೆರಳನ್ನು ಹಗುರವಾಗಿಟ್ಟು ಕದಲಿಸದೆ ಹಿಡಿಯೋಣ. ಆಗಲೂ ಪದ ಸಿಗದಿದ್ದರೆ ಕ್ರೋಮ್‌ನ ಮೆನುವಿನಲ್ಲಿರುವ ಅನುವಾದದ ಸೌಲಭ್ಯ ಬಳಸಿ ಇಡೀ ಪುಟವನ್ನೇ ನಮಗೆ ಬೇಕಾದ ಭಾಷೆಯಲ್ಲಿ ನೋಡಬಹುದು. ತಪ್ಪು ಪುಟದ್ದಾಗಿರುವಾಗ ಗಾಜನ್ನು ಒತ್ತಿ ಫಲವಿಲ್ಲ.