ಬೆಳಕಿನ ಪರೀಕ್ಷೆಗೆ ನಮ್ಮ ಚರ್ಮದ ಪರಿಚಯವಿದೆಯೇ?

ಮಚ್ಚೆಯೊಂದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ತಿಳಿಯಬೇಕಾದರೆ ಅದರ ಚೂರು ಕತ್ತರಿಸಿ ಬಯಾಪ್ಸಿಗೆ ಕಳಿಸಬೇಕು. ಯಾವ ಮಚ್ಚೆಯನ್ನು ಕತ್ತರಿಸಬೇಕು ಎಂಬುದೇ ಸಾಮಾನ್ಯ ವೈದ್ಯರ ಕಷ್ಟ. ಅಂಥವರಿಗೆ ನೆರವಾಗಲೆಂದು ರೂಪಿಸಿದ 'ಡರ್ಮಾಸೆನ್ಸರ್' ಎಂಬ ಕೈಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟದ್ದು 2024ರ ಜನವರಿಯಲ್ಲಿ ಸುದ್ದಿಯಾಯಿತು.

ಭೌತವಿಜ್ಞಾನ ಓದುತ್ತಿರುವ ನನಗೆ ಇದರ ಕೆಲಸದ ರೀತಿ ತುಂಬಾ ಹಿಡಿಸಿತು. ಲ್ಯಾಬಿನ ಕತ್ತಲಲ್ಲಿ ಸೋಡಿಯಂ ದೀಪದ ಗೆರೆ ಹುಡುಕುತ್ತಾ 'ಇದರಿಂದ ಏನು ಪ್ರಯೋಜನ' ಎಂದು ಗೊಣಗುವ ಗೆಳೆಯರಿಗೆ ಇದನ್ನೇ ತೋರಿಸುತ್ತೇನೆ. ಸಾಧನದ ತುದಿಯನ್ನು ಮಚ್ಚೆಗೆ ತಾಗಿಸಿದರೆ ಒಳಹೋದ ಬೆಳಕು ಜೀವಕೋಶಗಳಿಗೆ ತಾಗಿ ಚದುರಿ ಮರಳುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಕೋಶಕೇಂದ್ರದ ಗಾತ್ರ, ಆಕಾರ ಬದಲಾಗಿರುವುದರಿಂದ ಚದುರುವ ಬಗೆಯೂ ಬೇರೆ. ಆ ರೋಹಿತವನ್ನು ಅಳೆದು ಅಲ್ಗಾರಿದಂ 'ಇನ್ನಷ್ಟು ಪರಿಶೀಲಿಸಿ' ಅಥವಾ 'ಗಮನಿಸುತ್ತಿರಿ' ಎನ್ನುತ್ತದೆ. ಅಂದಹಾಗೆ, ಇದು ರಾಮನ್ ಪರಿಣಾಮವಲ್ಲ. ಇಲ್ಲಿ ಚದುರಿದ ಬೆಳಕಿನ ತರಂಗಾಂತರ ಬದಲಾಗುವುದಿಲ್ಲ. ರಾಮನ್ ರೋಹಿತದಿಂದ ಚರ್ಮದ ಕ್ಯಾನ್ಸರ್ ಗುರುತಿಸುವ ಪ್ರಯತ್ನಗಳು ಬೇರೆಯೇ ನಡೆದಿವೆ.

ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಮುಖ್ಯ ಅಧ್ಯಯನದಲ್ಲಿ ಸಾಧನ ಶೇ 96ರಷ್ಟು ಕ್ಯಾನ್ಸರ್‌ಗಳನ್ನು ಹಿಡಿಯಿತು. ಎಲ್ಲರ ಬಾಯಲ್ಲೂ ಇದೇ ಅಂಕಿ. ಇದರ ಜೊತೆಗೇ ಓದಬೇಕಾದ ಇನ್ನೊಂದಿದೆ: ವೈದ್ಯರಿಗೆ ಅನುಮಾನ ಬಂದು, ಕೊನೆಗೆ ಕ್ಯಾನ್ಸರ್ ಅಲ್ಲವೆಂದು ತಿಳಿದ ಮಚ್ಚೆಗಳ ಪೈಕಿ ಸಾಧನ ಸರಿಯಾಗಿ ಕೈಬಿಟ್ಟದ್ದು ಸುಮಾರು ಶೇ 21 ಮಾತ್ರ. ಅಂಥ ನೂರು ಮಚ್ಚೆಗಳಲ್ಲಿ ಸುಮಾರು 79ಕ್ಕೆ ಅದು ಗಂಟೆ ಬಾರಿಸುತ್ತದೆ. ತಜ್ಞರು ಪಕ್ಕದ ಬೀದಿಯಲ್ಲೇ ಇರುವವರಿಗೆ ಇದು ಸಣ್ಣ ಕಿರಿಕಿರಿ. ಜಿಲ್ಲಾ ಕೇಂದ್ರಕ್ಕೆ ಬಸ್ಸು ಹಿಡಿಯಬೇಕಾದ ಕೂಲಿಕಾರರಿಗೆ ಒಂದು ದಿನದ ಸಂಬಳ.

ನನ್ನನ್ನು ಹೆಚ್ಚು ಕಾಡುವುದು ಚರ್ಮದ ಬಣ್ಣ. ಮೆಲನಿನ್ ಬೆಳಕನ್ನು ಹೀರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪುವರ್ಣೀಯರಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಬಾರಿ ತಪ್ಪಿಸಿಕೊಂಡಿತ್ತು ಎಂದು ಅಮೆರಿಕದ ಅಧ್ಯಯನವೊಂದು ಹೇಳಿದ್ದು 2020ರಲ್ಲಿ, ಕೋವಿಡ್ ನಡುವೆ. ಡರ್ಮಾಸೆನ್ಸರ್‌ಗೂ ಎಫ್‌ಡಿಎ ಷರತ್ತು ಹಾಕಿದೆ. ಮೊದಲ ಅಧ್ಯಯನಗಳಲ್ಲಿ ಮೆಲನೋಮಾ ಪ್ರಕರಣಗಳು ಕಡಿಮೆಯಿದ್ದ ಜನವರ್ಗಗಳಲ್ಲಿ, ಮಾರಾಟ ಶುರುವಾದ ಮೇಲೂ ಪರೀಕ್ಷೆ ಮುಂದುವರಿಸಬೇಕು.

ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮಾ ಅಪರೂಪ, ನಿಜ. ಆದರೆ ಬಂದಾಗ ಅದು ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಅವಿತಿರುತ್ತದೆ; ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳ ಉಗುರಿನಡಿ ಶುರುವಾದ ಮೆಲನೋಮಾ 1981ರಲ್ಲಿ, 36ನೇ ವಯಸ್ಸಿಗೇ ಪ್ರಾಣ ತೆಗೆಯಿತು. 'ಅಪರೂಪ' ಎನ್ನುವ ಕಾರಣಕ್ಕೇ ದತ್ತಾಂಶ ಸೇರುವುದಿಲ್ಲ. ದತ್ತಾಂಶವಿಲ್ಲದೆ ಯಂತ್ರ ಕಲಿಯುವುದಿಲ್ಲ.

ಹಾಗಾಗಿ ಇಂಥ ಸಾಧನಗಳು ನಮ್ಮ ಆಸ್ಪತ್ರೆಗಳಿಗೆ ಬರುವಾಗ ಬೆಲೆಗಿಂತ ಮೊದಲು ಕೇಳಬೇಕಾದ್ದು: ಪರೀಕ್ಷೆಗೆ ಒಳಗಾದವರಲ್ಲಿ ನಮ್ಮಂಥ ಚರ್ಮದವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಕ್ಯಾನ್ಸರ್ ಸಿಕ್ಕಿತು, ಎಷ್ಟು ತಪ್ಪಿತು? ವೈದ್ಯಕೀಯ ಎಐ ಕಂಪನಿಗಳ ಕೆಲಸಕ್ಕೆ ಅರ್ಜಿ ಹಾಕುತ್ತಿರುವ ಗೆಳೆಯರು ಸಂದರ್ಶನದಲ್ಲೇ ಇದನ್ನು ಕೇಳಬಹುದು.