ಅಗ್ಗಕ್ಕೆ ಸಿಕ್ಕ ಚೇಳು

ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಕಡೆಗೆ ಸುಮಾರು 50 ಕಿಲೋಮೀಟರ್ ಹೋದರೆ ರಾಂಜಣಗಾಂವ್. ಅಲ್ಲಿನ ಫಿಯಟ್ ಕಾರ್ಖಾನೆಯಿಂದ 2015ರಲ್ಲಿ ಅಬಾರ್ತ್ ಪುಂಟೊ ಹೊರಬಂತು. 1.4 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 145 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಮೈಮೇಲೆ ಚೇಳಿನ ಲಾಂಛನ. ಷೋರೂಂ ಬೆಲೆ ಸುಮಾರು 10 ಲಕ್ಷ ರೂಪಾಯಿ. ನೋಡಲು ಮನೆಮಂದಿಯ ಹ್ಯಾಚ್‌ಬ್ಯಾಕ್. ಆದರೆ ಈ ದೇಶದಲ್ಲಿ ಸಂಬಳದವರ ಕೈಗೆಟುಕುವ ಸ್ಪೋರ್ಟ್ಸ್ ಕಾರು ಎಂದರೆ ಹೆಚ್ಚುಕಡಿಮೆ ಇಂಥದ್ದೇ. ಈಗ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಅದು ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ. ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿ ಮೊದಲ ಬೋನಸ್ ಎಣಿಸುತ್ತಿರುವ ಬೆಳಗಾವಿಯ ಹುಡುಗನಿಗೆ ಇದು ಅದೃಷ್ಟವಾಗಿ ಕಾಣುತ್ತದೆ.

ಕಾರಿನ ಹುಚ್ಚಿರುವವರ ವಾದ ಸರಳ: ಹೊಸ ಕಾರಿನ ಬೆಲೆ ಬೀಳುವುದು ಮೊದಲ ಕೆಲವು ವರ್ಷಗಳಲ್ಲಿ, ಆ ನಷ್ಟವನ್ನು ಮೊದಲ ಮಾಲೀಕ ಹೊತ್ತಾಯಿತು, ಎರಡನೆಯವನಿಗೆ ಲಾಭವೇ ಲಾಭ. ಸ್ವಿಫ್ಟ್‌ನಂಥ ಕಾರಿಗೆ ಈ ಮಾತು ನಿಜ. ಅಬಾರ್ತ್‌ಗೆ ಅಲ್ಲ. ಪುಂಟೊದ 1.3 ಲೀಟರ್ ಡೀಸೆಲ್ ಎಂಜಿನ್ ಮಾರುತಿ, ಟಾಟಾ ಕಾರುಗಳಲ್ಲೂ ಇತ್ತು. ಗಲ್ಲಿ ಗ್ಯಾರೇಜಿನ ಮೇಸ್ತ್ರಿಗೂ ಅದರ ನಾಡಿ ಗೊತ್ತು. ಅಬಾರ್ತ್‌ನ ಟರ್ಬೊ ಎಂಜಿನ್‌ಗೆ ಆ ಭಾಗ್ಯವಿಲ್ಲ. 2019ರ ಹೊತ್ತಿಗೆ ಫಿಯಟ್ ತನ್ನ ಹೆಸರಿನ ಕಾರುಗಳನ್ನು ಇಲ್ಲಿ ತಯಾರಿಸುವುದನ್ನೇ ನಿಲ್ಲಿಸಿತು. ಅದೇ ಕಾರ್ಖಾನೆಯಿಂದ ಈಗ ಜೀಪ್‌ಗಳು ಬರುತ್ತವೆ. ಪೇಟೆ ಯಾರಿಗೂ ದಾನ ಮಾಡುವುದಿಲ್ಲ. ಬೆಲೆಯಲ್ಲಿ ಬಿಟ್ಟುಕೊಟ್ಟದ್ದು ರಿಯಾಯಿತಿಯಲ್ಲ, ಮುಂದಿನ ರಿಪೇರಿಯ ಅಂದಾಜು.

ಕಾರಿಗೆ ವಯಸ್ಸಾಗುತ್ತದೆ, ಬಿಡಿಭಾಗದ ಬೆಲೆಗೆ ಆಗುವುದಿಲ್ಲ. ಆನೆ ಅಗ್ಗಕ್ಕೆ ಸಿಕ್ಕಿತೆಂದು ಅದರ ಹೊಟ್ಟೆ ಕುಗ್ಗುವುದುಂಟೇ? ಹುಡುಗ ಊರ ಕಡೆ ನೌಕರಿ ಹಿಡಿದು ಕಾರನ್ನೂ ತಂದರೆ, 12 ತಿಂಗಳೊಳಗೆ ಎಂಎಚ್ ನಂಬರ್ ಕೆಎ ಆಗಬೇಕು. ಆಗ ಆಜೀವ ತೆರಿಗೆಯ ಲೆಕ್ಕ ಶುರುವಾಗುವುದು ಕಾರಿನ ಮೂಲ ಬೆಲೆಯಿಂದ. ವಯಸ್ಸಿಗೆ ತಕ್ಕ ಕಡಿತ ಉಂಟು, ಅವನು ಕೊಟ್ಟ ಬೆಲೆಗೆ ಅಲ್ಲಿ ಕಿಮ್ಮತ್ತಿಲ್ಲ. ಆಮದಾದ ಹಳೆಯ ಜರ್ಮನ್ ಕಾರಿನ ಕನಸು ಕಾಣುವವರಿಗೆ ಇನ್ನೂ ಒಂದು ಪೆಟ್ಟು ಕಾದಿದೆ: 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮದಂತೆ, 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ 5,000 ರೂಪಾಯಿ, ಆಮದು ಕಾರಿಗೆ 40,000.

ಇಳಿದ ಬೆಲೆಯನ್ನು ನೆನಪಿಟ್ಟುಕೊಳ್ಳುವುದು ವಿಮಾ ಕಂಪನಿ ಮಾತ್ರ. 1,000ದಿಂದ 1,500 ಸಿಸಿಯ ಕಾರಿಗೆ ಥರ್ಡ್ ಪಾರ್ಟಿ ಕಂತು 2022ರ ದರದಂತೆ ವರ್ಷಕ್ಕೆ 3,416 ರೂಪಾಯಿ. ಅಬಾರ್ತ್ ಕೂಡ ಇದೇ ಸಾಲಿನಲ್ಲಿ ಬರುವುದರಿಂದ ವಿಮೆ ಅಗ್ಗವೆನಿಸುತ್ತದೆ. ಆದರೆ ಸ್ವಂತ ಕಾರಿನ ಹಾನಿಗೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಕೇಳಿದರೆ, 5ರಿಂದ 10 ವರ್ಷದ ಕಾರಿನ ಲೋಹದ ಭಾಗಗಳಿಗೆ ಶೇ. 40, ಅದಕ್ಕೂ ಹಳೆಯದಾದರೆ ಶೇ. 50 ಸವಕಳಿ ಕಳೆಯುತ್ತಾರೆ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಯಾವಾಗಲೂ ಶೇ. 50. ಕೊಡುವಾಗ ಹೊಸ ಕಾರಿನ ದರ, ಪಡೆಯುವಾಗ ಹಳೆ ಕಾರಿನ ದರ.

ಇದು ಬರೀ ಜೇಬಿನ ವಿಷಯವಾಗಿದ್ದರೆ ಅವನ ದುಡ್ಡು, ಅವನಿಷ್ಟ ಎಂದು ಬಿಡಬಹುದಿತ್ತು. ಕೂಡಿಟ್ಟದ್ದನ್ನೆಲ್ಲ ಕಾರಿಗೇ ಸುರಿದವನು ಮೊದಲು ಮುಂದೂಡುವುದು ಎಂಜಿನ್ ಆಯಿಲ್ ಬದಲಿಸುವುದನ್ನು. ಆ ಆಯಿಲ್‌ನಲ್ಲೇ ಟರ್ಬೊದ ಜೀವ ಇರುವುದು. ಆಮೇಲೆ ಬ್ರೇಕ್ ಪ್ಯಾಡ್, ಕೊನೆಗೆ ಟೈರು. ವೇಗ ಮಾತ್ರ ಮುಂದೂಡುವುದಿಲ್ಲ. ಸವೆದ ಟೈರಿನ ಮೇಲೆ 145 ಅಶ್ವಶಕ್ತಿ ಹೊತ್ತ ಆ ಕಾರು ಮಳೆಗಾಲದಲ್ಲಿ ಖಂಡಾಲಾ ಘಾಟಿ ಇಳಿಯುವಾಗ, ಉಳಿಸಿದ ಹಣದ ಬೆಲೆ ತೆರಬೇಕಾದವರು ಪಕ್ಕದ ಲೇನಿನಲ್ಲಿರಬಹುದು.

ಮಾರುವವರು ತೊಳೆದು ಪಾಲಿಶ್ ಮಾಡಿದ ಫೋಟೊ ತೋರಿಸುತ್ತಾರೆ. ತೋರಿಸಬೇಕಾದದ್ದು ಸರ್ವಿಸ್ ಬಿಲ್ಲುಗಳನ್ನು. ಟರ್ಬೊ, ಕ್ಲಚ್, ಸಸ್ಪೆನ್ಷನ್ ಯಾವಾಗ ಬದಲಾದವು, ಎಂಜಿನ್‌ಗೆ ರೀಮ್ಯಾಪ್ ಮಾಡಿಸಿದ್ದಾರೆಯೇ ಎಂಬುದಕ್ಕೆ ಕಾಗದದಲ್ಲಿ ಉತ್ತರವಿಲ್ಲದ ಕಾರು ಎಷ್ಟು ಕಡಿಮೆಗೆ ಸಿಕ್ಕರೂ ದುಬಾರಿಯೇ. ಕೆಲಸ ಬಲ್ಲ ಮೆಕ್ಯಾನಿಕ್, ಕಚೇರಿಗೆ ಹೋಗಲು ಬೇರೊಂದು ಗಾಡಿ, ಕಾರಿಗೆ ಕೊಟ್ಟ ಹಣದ ಅರ್ಧದಷ್ಟು ಬ್ಯಾಂಕಿನಲ್ಲಿ: ಈ ಮೂರೂ ಇರುವವರು ಕೊಳ್ಳಲಿ, ಖುಷಿಯಾಗಿ ಓಡಿಸಲಿ. ಉಳಿದವರು ಇನ್ನೆರಡು ವರ್ಷ ಸ್ವಿಫ್ಟ್ ಓಡಿಸಿದರೆ ಮಾನವೇನೂ ಹೋಗುವುದಿಲ್ಲ. ಪುಣೆ-ಮುಂಬಯಿ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್. ಸ್ವಿಫ್ಟ್ ಕೂಡ ಅಷ್ಟು ಓಡುತ್ತದೆ.