ಒಬ್ಬನ ಕಣ್ಣೀರೂ ಲಕ್ಷ ಜನರ ಲೆಕ್ಕವೂ

ಊರ ಬಾವಿಯಲ್ಲಿ ಒಂದು ಕೂಸು ಬಿದ್ದಿತೆಂದರೆ ಊರಿಗೆ ಊರೇ ಹಗ್ಗ ಹಿಡಿದು ಓಡುವದು. ಕುಡಿಯುವ ನೀರು ಕೆಟ್ಟು ನೆರೆಯ ತಾಲೂಕಿನಲ್ಲಿ ಸಾವಿರಾರು ಕೂಸುಗಳು ಬೇನೆ ಬಿದ್ದಿವೆಯೆಂಬ ವಾರ್ತೆಯನ್ನು ಅದೇ ಊರಿನವರು ಓದಿ, ಪತ್ರಿಕೆಯನ್ನು ಮಡಿಚಿಟ್ಟು ಊಟಕ್ಕೆ ಏಳುವರು. ಹಾಗಾದರೆ ಇವರು ನಿರ್ದಯರೇ? ಅಲ್ಲ, ಹಗ್ಗ ಹಿಡಿದು ಓಡಿದವರೂ ಇವರೇ. ಪುಣ್ಯಕೋಟಿಯೆಂಬ ಒಂದು ಆಕಳಿಗಾಗಿ ಕನ್ನಡ ನಾಡಿನ ಎಷ್ಟೋ ತಲೆಮಾರುಗಳು ಕಣ್ಣೀರು ಸುರಿಸಿವೆ. ಬರಗಾಲದಲ್ಲಿ ಮೇವಿಲ್ಲದೆ ಸತ್ತ ದನಗಳ ಸಂಖ್ಯೆಯನ್ನು ಕೇಳಿ ಅತ್ತವರನ್ನು ಮಾತ್ರ ನಾವು ಕಂಡಿಲ್ಲ.

ಮನುಷ್ಯನ ಅಂತಃಕರಣದ ರಚನೆಯೇ ಹೀಗಿದೆ. 2007ರಲ್ಲಿ ಪ್ರಕಟವಾದ ಅಮೇರಿಕದ ಪಂಡಿತರ ಒಂದು ಪ್ರಯೋಗವು ಇದನ್ನು ಸ್ಪಷ್ಟಪಡಿಸಿತು. ಕೆಲವರಿಗೆ ತಲಾ ಐದು ಡಾಲರು ಕೊಟ್ಟು, ಆಫ್ರಿಕೆಯ ಹಸಿದವರಿಗಾಗಿ ದಾನ ಕೇಳಲಾಯಿತು. ಹಸಿದ ಒಬ್ಬ ಹುಡುಗಿಯ ವೃತ್ತಾಂತವನ್ನು ಓದಿದವರು ಸರಾಸರಿ 2.38 ಡಾಲರು ಕೊಟ್ಟರು. ಲಕ್ಷಾಂತರ ಜನರ ಅಂಕಿಗಳನ್ನು ಓದಿದವರು 1.14 ಡಾಲರು. ಎರಡನ್ನೂ ಕೂಡಿಸಿ ಓದಿದವರೋ 1.43 ಡಾಲರು ಮಾತ್ರ! ಅಂಕಿಗಳು ಕರುಣೆಯನ್ನು ಹೆಚ್ಚಿಸದಿದ್ದುದಷ್ಟೇ ಅಲ್ಲ, ಹುಟ್ಟಿದ ಕರುಣೆಯನ್ನೂ ತಣ್ಣಗಾಗಿಸಿದವು.

ಇದಕ್ಕೆ ಎರಡು ಕಾರಣಗಳು ನಮಗೆ ತೋರುತ್ತವೆ. ಒಬ್ಬನಿಗೆ ಮುಖವುಂಟು, ತಾಯಿಯುಂಟು, ಒಲೆ ಹೊತ್ತದ ಮನೆಯುಂಟು. ಅಲ್ಲಿಗೆ ನಮ್ಮ ಮನಸ್ಸು ಹೊಕ್ಕು ಬರಬಲ್ಲದು. ಲಕ್ಷವೆಂಬುದಕ್ಕೆ ಬಾಗಿಲೇ ಇಲ್ಲ. ಎರಡನೆಯದಾಗಿ, ಒಬ್ಬನನ್ನು ನಮ್ಮ ಕೈಯಾರೆ ಬದುಕಿಸಿದೆವೆಂಬ ಸಮಾಧಾನವುಂಟು. ಲಕ್ಷ ಜನರ ಮುಂದೆ ನಮ್ಮ ಹಿಡಿ ಧಾನ್ಯವು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಾಗುವದೆಂದು ಕೈಯೇ ಹಿಂದೆಗೆಯುವದು.

ಈ ಸ್ವಭಾವವು ಅಧಿಕಾರದ ಕೈಯಲ್ಲಿ ಎಂಥ ಅನರ್ಥ ಮಾಡುವದೆಂಬುದನ್ನು ಕನ್ನಡಿಗರು 1876ರಿಂದ 1878ರ ವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಕಂಡಿದ್ದಾರೆ. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಸಾಹೇಬರು, ಬರಗಾಲದ ಕಾಮಗಾರಿಗೆ ಬಂದ ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೊಂದು ಆಣೆ, ಇಷ್ಟೇ ದಿನಗೂಲಿ ಸಾಕೆಂದು ಸೂಚಿಸಿದರು. ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ವಾದಿಸಿದರು. ಬಾಗಿಲಿಗೆ ಬಂದ ಒಬ್ಬ ಹಸಿದವನಿಗೆ ಯಾವ ಗೃಹಸ್ಥನೂ ಹೀಗೆ ತೂಗಿ ನೀಡಲಾರನು. ಕಾಣದ ಲಕ್ಷ ಜನರಿಗೆ ಕಾಗದದ ಮೇಲೆ ತೂಗುವದು ಸುಲಭ. ಮೈಸೂರು ಸೀಮೆಯೊಂದರಲ್ಲಿಯೇ 1871ರ ಖಾನೇಸುಮಾರಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಆಗ ಕಲಾದಗಿ, ಧಾರವಾಡಗಳ ಸತ್ತವರು ಮುಂಬಯಿಯ ಲೆಕ್ಕಕ್ಕೆ, ಬಳ್ಳಾರಿಯವರು ಮದ್ರಾಸಿನ ಲೆಕ್ಕಕ್ಕೆ, ರಾಯಚೂರಿನವರು ನಿಜಾಮನ ಲೆಕ್ಕಕ್ಕೆ ಸೇರಿದರು. ಕನ್ನಡ ನಾಡಿನ ದುಃಖಕ್ಕೆ ಮುಖವಿಲ್ಲದ್ದು ಹಾಗಿರಲಿ, ಒಟ್ಟು ಲೆಕ್ಕ ಹಿಡಿಯುವ ಒಂದು ದಫ್ತರವೂ ಇರಲಿಲ್ಲ. ಏಕೀಕರಣವನ್ನು ಬೇಡಿದುದು ಬರಿಯ ಭಾಷಾಭಿಮಾನದಿಂದಲ್ಲ. ನಮ್ಮ ಜನರ ಕಷ್ಟವು ಒಂದೆಡೆ ಕಾಣಲಿ, ಅದಕ್ಕೆ ಹೊಣೆಯಾಗುವ ಸರಕಾರವು ಒಂದಿರಲಿ ಎಂಬುದೂ ಅದರ ತಿರುಳಾಗಿತ್ತು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಆದರೆ ಗಡಿಗಳು ಅಳಿದ ಮಾತ್ರಕ್ಕೆ ಕಣ್ಣು ತೆರೆಯುವದಿಲ್ಲ.

ಕಣ್ಣು ತೆರೆಯಿಸುವ ದಾರಿಯನ್ನು ಮಹಾತ್ಮರು 1917ರಲ್ಲಿ ಬಿಹಾರದ ಚಂಪಾರಣ್ಯದಲ್ಲಿ ತೋರಿಸಿದರು. ಅಲ್ಲಿಯ ರೈತನು ಇಪ್ಪತ್ತು ಕಠಾ ಭೂಮಿಯಲ್ಲಿ ಮೂರು ಕಠಾ ನೀಲಿ ಬೆಳೆಯಲೇಬೇಕೆಂಬ ತಿನಕಠಿಯಾ ಪದ್ಧತಿಯು ಬಹುಕಾಲದಿಂದ ಎಲ್ಲರಿಗೂ ಗೊತ್ತಿದ್ದ ಅನ್ಯಾಯ. ಗೊತ್ತಿದ್ದುದರಿಂದಲೇ ಯಾರನ್ನೂ ನೋಯಿಸದ ಅನ್ಯಾಯ. ಗಾಂಧೀಜಿಯವರು ಭಾಷಣ ಮಾಡಹೋಗಲಿಲ್ಲ. ರಾಜೇಂದ್ರಪ್ರಸಾದ, ಬ್ರಜಕಿಶೋರಪ್ರಸಾದ ಮೊದಲಾದ ವಕೀಲರನ್ನು ಕೂಡಿಸಿ ಒಬ್ಬೊಬ್ಬ ರೈತನ ಹೇಳಿಕೆಯನ್ನು ಬರೆಯಿಸಿದರು, ಪಾಟೀಸವಾಲು ಮಾಡಿಸಿದರು, ಪರೀಕ್ಷೆಗೆ ನಿಲ್ಲದ್ದನ್ನು ಬಿಡಿಸಿದರು. ಹೀಗೆ ಸಾವಿರಾರು ಹೇಳಿಕೆಗಳಾದವು. ಪ್ರತಿಯೊಂದರಲ್ಲಿಯೂ ಒಬ್ಬ ಮನುಷ್ಯನಿದ್ದನು. ಕೂಡಿಸಿದಾಗ ಒಂದು ಪದ್ಧತಿಯ ಪಾಪವು ಕಂಡಿತು. ಸರಕಾರವು ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು; 1918ರ ಕಾಯದೆಯು ತಿನಕಠಿಯಾವನ್ನು ತೆಗೆದುಹಾಕಿತು.

ಒಬ್ಬನ ಕಥೆಯಲ್ಲಿ ಒಂದು ಅಪಾಯವೂ ಉಂಟೆಂಬುದನ್ನು ಮರೆಯಲಾಗದು. ಆ ಒಬ್ಬನಿಗೆ ನಾಲ್ಕು ಕಾಸು ಕೊಟ್ಟು ನಮ್ಮ ಮನಸ್ಸಾಕ್ಷಿಯು ಸುಖವಾಗಿ ನಿದ್ದೆ ಹೋಗಬಹುದು. ಮೇಲಾಗಿ, ಯಾರ ಕಥೆಯು ಪೇಟೆಗೆ ಬರುವದು? ಬರೆಯಬಲ್ಲ ನೆಂಟನಿರುವವನದು, ನಮ್ಮಂತೆಯೇ ಮಾತಾಡುವವನದು. ಊರ ಹೊರಗಿನ ಕೇರಿಯ ಕೂಲಿಕಾರನ ಕಥೆಯು ಅಲ್ಲಿಯೇ ಉಳಿಯುವದು. ಆದುದರಿಂದ ಕರುಣೆಯು ಆರಂಭವೇ ಹೊರತು ನಿರ್ಣಯವಲ್ಲ. ನ್ಯಾಯಾಸನದ ಮುಂದೆ ನಿಲ್ಲುವ ವೃತ್ತಿಯವರಾದ ನಾವು ಇದನ್ನು ಬಲ್ಲೆವು: ಕಂಡ ಒಬ್ಬನಿಗೆ ಹೃದಯವು ಏನನ್ನು ಕೊಡುವದೋ, ಅದನ್ನು ಕಾಣದ ಎಲ್ಲರಿಗೂ ಕೊಡುವದಕ್ಕಾಗಿಯೇ ಕಾಯದೆಯಿರುವದು.

ಶಿಕ್ಷಕ ಬಂಧುಗಳಿಗೂ ಪಟ್ಟಣದ ಮಹನೀಯರಿಗೂ ನಮ್ಮ ವಿನಂತಿಯಿಷ್ಟೇ. ಬರ, ನೆರೆ, ರೋಗಗಳು ಬಂದಾಗ ಬರಿಯ ಅಂಕಿಗಳನ್ನು ಬರೆದು ಕಳಿಸಬೇಡಿರಿ. ಬರಿಯ ಕಣ್ಣೀರಿನ ಕಥೆಯನ್ನೂ ಕಳಿಸಬೇಡಿರಿ. ಮನೆಮನೆಗೆ ಹೋಗಿ ಒಬ್ಬೊಬ್ಬರ ಮಾತನ್ನು ಅವರು ಹೇಳಿದಂತೆ ಬರೆದುಕೊಳ್ಳಿರಿ, ಸುಳ್ಳುಪೊಳ್ಳನ್ನು ಜಾಡಿಸಿ ತೆಗೆಯಿರಿ, ಆಮೇಲೆ ಎಣಿಸಿರಿ. ಮೊದಲನೆಯ ಹೇಳಿಕೆಯನ್ನು ಊರ ಹೊರಗಿನ ಕೇರಿಯಿಂದ ತನ್ನಿರಿ.